ನೀಲಾಂಬಿಕೆಯ ದುಭಾಷಿ

ನಮ್ಮೂರಿನ ಗಡಿಯಾರಗಳಿಗೆ ಬೆನ್ನಿಲ್ಲ. ಗೋಡೆಯಿಂದ ಇಳಿಸಿ ತಿರುಗಿಸಿದರೆ ಒಳಗಿನ ಹಲ್ಲುಚಕ್ರಗಳೆಲ್ಲ ಕಾಣುತ್ತವೆ. ರೇಡಿಯೋಗಳಿಗೆ ಹಿಂದಿನ ಮುಚ್ಚಳ ಇರುವುದಿಲ್ಲ. ಟೈಲರುಗಳು ಒಳಹೊಲಿಗೆಯನ್ನು ಹೊರಹೊಲಿಗೆಗಿಂತ ಚೆಂದ ಹಾಕುತ್ತಾರೆ. ಹೋಟೆಲಿನಲ್ಲಿ ಅಡುಗೆಮನೆ ಬೀದಿಯ ಕಡೆಗೆ, ಊಟದ ಮನೆ ಹಿಂದುಗಡೆಗೆ. ಸಾಂಬಾರಿಗೆ ಏನೇನು ಬಿತ್ತು ಅಂತ ದಾರಿಯಲ್ಲಿ ಹೋಗುವವರೂ ಹೇಳಬಲ್ಲರು. ಹೊರಗಿನಿಂದ ಬಂದವರು ಇದನ್ನೆಲ್ಲ ನೋಡಿ ನಗುತ್ತಾರೆ. ನಗಲಿ, ನಮ್ಮ ಗಾಳಿಯ ಜೊತೆ ಬಾಳುವೆ ಮಾಡಬೇಕಾದವರು ನಾವು.

ನಮ್ಮ ಗಾಳಿ ಮುಚ್ಚಿಟ್ಟದ್ದನ್ನು ಹೊರುವುದಿಲ್ಲ. ಒಂದು ಯಂತ್ರ ವೈರ್‌ಲೆಸ್ ಮೂಲಕ ಏನನ್ನಾದರೂ ಕಳಿಸಬೇಕೆಂದರೆ ಅದರ ಒಳಗಿನ ತಂತ್ರಾಂಶವನ್ನು ಊರಿನವರು ಓದಿ ತಿಳಿದಿರಬೇಕು. ಒಂದು ಸಾಲು ಮುಸುಕಿನಲ್ಲಿ ಉಳಿದರೂ ಕಳಿಸಿದ ಮಾತು ಆಂಟೆನಾದ ಬುಡದಲ್ಲೇ ಉದುರಿಹೋಗುತ್ತದೆ. ಪೇಟೆಯಿಂದ ತಂದ ಹೊಸ ಫೋನು ಹೊಳೆಯ ಸೇತುವೆ ದಾಟಿ ಈಚೆ ಬಂದ ಕೂಡಲೇ ಮೂಕವಾಗುತ್ತದೆ. ಯಾಕೆ ಹೀಗೆ ಅಂತ ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಗಾಳಿ ಒಪ್ಪಿತೋ ಇಲ್ಲವೋ ಅನ್ನುವುದನ್ನು ಬಟ್ಟೆ ಹೇಳುತ್ತದೆ. ಮಾತು ಹಾದುಹೋಗುವಾಗ ಹಗ್ಗದ ಮೇಲೆ ಒಣಹಾಕಿದ ಸೀರೆ, ಲುಂಗಿ, ಕೂಸಿನ ಅಂಗಿ ಒಂದು ಸಲ ಮೆಲ್ಲಗೆ ಉಬ್ಬಿ ಇಳಿಯುತ್ತವೆ. ಅದಕ್ಕೇ ಒಗೆಯುವ ದಿನವಲ್ಲದಿದ್ದರೂ ಪ್ರತಿ ಮನೆಯ ಮುಂದೆ ಒಂದು ತುಂಡು ಬಟ್ಟೆ ತೂಗುತ್ತಿರುತ್ತದೆ. ಮಧ್ಯಾಹ್ನ ಜಗಲಿಯಲ್ಲಿ ಕೂತರೆ ಬೀದಿಯ ಆ ತುದಿಯಿಂದ ಈ ತುದಿಗೆ ಬಟ್ಟೆಗಳು ಒಂದರ ಹಿಂದೊಂದು ಉಬ್ಬುತ್ತಾ ಬರುತ್ತವೆ. ಯಾರೋ ಯಾರಿಗೋ ಊಟ ಆಯಿತಾ ಅಂತ ಕೇಳಿದ್ದಾರೆ ಅಂದುಕೊಂಡು ನಾವು ತೂಕಡಿಸುತ್ತೇವೆ.

ನಾನು ದಾಕ್ಷಾಯಿಣಿ. ದುಭಾಷಿ ಬರೆಯುವುದು ನನ್ನ ಕೆಲಸ. ನಮ್ಮೂರಿನ ಎಲ್ಲ ಯಂತ್ರಗಳಲ್ಲಿ ಒಂದೇ ಆಪರೇಟಿಂಗ್ ಸಿಸ್ಟಮ್ ಇದೆ. ಹೊರಗಿನವರು ಅಂಥದ್ದಕ್ಕೆ ಓಪನ್ ಸೋರ್ಸ್ ಅನ್ನುತ್ತಾರೆ. ನಮಗೆ ಬೇರೆ ಥರದ್ದು ಗೊತ್ತೇ ಇಲ್ಲವಾದ್ದರಿಂದ ಸುಮ್ಮನೆ ತಂತ್ರಾಂಶ ಅನ್ನುತ್ತೇವೆ. ಅದು ಎಲ್ಲರದು, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಆದರೆ ಯಂತ್ರದಲ್ಲಿರುವ ವೈರ್‌ಲೆಸ್ ಚಿಪ್ಪು ಹೊರಗಿನ ಕಂಪನಿಯದು. ಅದು ಯಾವ ಭಾಷೆ ಆಡುತ್ತದೆ ಅಂತ ಕಂಪನಿ ಹೇಳುವುದಿಲ್ಲ. ತಂತ್ರಾಂಶಕ್ಕೂ ಚಿಪ್ಪಿಗೂ ನಡುವೆ ನಿಂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ದಾಟಿಸುವ ಬರಹ ಒಂದು ಬೇಕು. ಪೇಟೆಯಲ್ಲಿ ಅದಕ್ಕೆ ಡ್ರೈವರ್ ಎಂಬ ಹೆಸರು. ನಾವು ದುಭಾಷಿ ಅನ್ನುತ್ತೇವೆ. ಚಿಪ್ಪಿನ ಪಕ್ಕ ಕೂತು, ಅದು ಗೊಣಗುವುದನ್ನೆಲ್ಲ ಕೇಳಿಸಿಕೊಂಡು, ಅದರ ಭಾಷೆ ಕಲಿತು, ನಾನು ದುಭಾಷಿ ಬರೆಯುತ್ತೇನೆ.

ಬರೆದದ್ದನ್ನು ಓದುಕಟ್ಟೆಗೆ ತರಬೇಕು. ಬೇವಿನ ಮರದ ಕೆಳಗೆ ಒಂದು ಕಲ್ಲುಕಟ್ಟೆ, ಅದಕ್ಕೆ ಹೊಂದಿಕೊಂಡು ಕಪ್ಪು ಬಳಿದ ಉದ್ದನೆಯ ಗೋಡೆ. ಬರೆದವರು ಸಾಯಂಕಾಲ ಸೀಮೆಸುಣ್ಣದಲ್ಲಿ ಸಾಲುಗಳನ್ನು ಆ ಗೋಡೆಯ ಮೇಲೆ ಬರೆದು, ಒಂದೊಂದನ್ನೇ ಓದಿ, ಅದು ಏನು ಮಾಡುತ್ತದೆ ಅಂತ ಹೇಳುತ್ತಾರೆ. ಕೂತವರಲ್ಲಿ ಮೂವರಾದರೂ "ಕಂಡಿತು" ಅನ್ನಬೇಕು. ಅಂದರೆ, ಇದು ನನಗೆ ತಿಳಿಯಿತು, ಮುಂದಕ್ಕೆ ಹೋಗು ಅಂತ. ತಿಳಿಯದಿದ್ದರೆ "ಕಾಣಲಿಲ್ಲ" ಅನ್ನಬೇಕು. ನಮ್ಮ ಅಜ್ಜಂದಿರ ಕಾಲದಲ್ಲಿ ಒಂದು ಸಾಲಿಗಾಗಿ ಮೂರು ಸಂಜೆ ಜಗಳವಾಡಿದ್ದೂ ಉಂಟಂತೆ. ಈಗೀಗ ಅಷ್ಟು ಪುರುಸೊತ್ತು ಯಾರಿಗೂ ಇಲ್ಲ. ಚನ್ನಕೇಶವ ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಾ "ಕಂಡಿತು" ಅನ್ನುತ್ತಾರೆ. ಎಲೆಅಡಿಕೆ ಮಾರುವ ಹೊಂಬಾಳಮ್ಮ ಅಡಿಕೆ ಕತ್ತರಿಸುತ್ತಾ "ಕಂಡಿತು ಕಣವ್ವ" ಅನ್ನುತ್ತಾಳೆ. ಉಳಿದವರು ದನಿಗೂಡಿಸುತ್ತಾರೆ. ಅದೊಂದು ಮರ್ಯಾದೆಯ ಮಾತು, ಮನೆಗೆ ಬಂದವರಿಗೆ ಕೂತ್ಕೊಳ್ಳಿ ಅಂದಹಾಗೆ. ಬಂದ ಯಂತ್ರಗಳೆಲ್ಲ ಹಳೆಯವುಗಳ ಅಣ್ಣತಮ್ಮಂದಿರೇ ಆದ್ದರಿಂದ ಇದರಿಂದ ತೊಂದರೆಯೇನೂ ಆಗಿರಲಿಲ್ಲ.

ಆಮೇಲೆ ನೀಲಾಂಬಿಕೆ ಬಂದಳು. ನನ್ನ ತಮ್ಮ ಮರುಳಸಿದ್ಧನ ಹೆಂಡತಿ. ಮರುಳನನ್ನು ಸಾಕಿದವಳು ನಾನು. ಅಮ್ಮ ಹೋದಾಗ ಅವನು ಇನ್ನೂ ತೊದಲುತ್ತಿದ್ದ. ಈಗ ಅವನದೊಂದು ಬೇಕರಿಯಿದೆ. ಅವನು ಮಾಡುವ ಖಾರದ ಬನ್ನಿಗೆ ಏನು ಎಷ್ಟು ಬೀಳುತ್ತದೆ ಅನ್ನುವ ಲೆಕ್ಕವೆಲ್ಲ ಬಾಗಿಲಲ್ಲೇ ತೂಗುಹಾಕಿದೆ. ಆದರೂ ಬೇರೆ ಯಾರಿಗೂ ಅದು ಹಾಗೆ ಬರುವುದಿಲ್ಲ. ಅವನಿಗೆ ಮಾತು ಕಡಿಮೆ. ಆಡಿದ ಮಾತೂ ಎದೆಯೊಳಗೇ ಅರ್ಧ ಉಳಿದುಬಿಡುತ್ತದೆ. ನನ್ನದು ಅದಕ್ಕೆ ತದ್ವಿರುದ್ಧ. ನಾನು ಮನೆಯಲ್ಲಿ ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡುತ್ತಾರೆ. ಇಬ್ಬರಿಗೂ ಆಗುವಷ್ಟು ದನಿಯನ್ನು ದೇವರು ನನ್ನೊಬ್ಬಳಿಗೇ ಸುರಿದುಬಿಟ್ಟ ಅಂತ ಹೊಂಬಾಳಮ್ಮ ಆಡಿಕೊಳ್ಳುತ್ತಾಳೆ.

ನೀಲಾಳಿಗೆ ಚಿಕ್ಕಂದಿನಿಂದ ಕಿವಿ ಮಂದ. ಕೊರಳಲ್ಲಿ ತಾಳಿಯ ಜೊತೆಗೆ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಪೆಟ್ಟಿಗೆ ತೂಗುತ್ತಿರುತ್ತದೆ. ಅದು ಸುತ್ತಲಿನ ಸದ್ದನ್ನು ಹಿಡಿದು ವೈರ್‌ಲೆಸ್ ಮೂಲಕ ಎರಡು ಕಿವಿಯೊಳಗಿನ ಗುಂಡಿಗಳಿಗೆ ಕಳಿಸುತ್ತದೆ. ಮದುವೆ ಮುಗಿಸಿಕೊಂಡು ಬಸ್ಸು ಸೇತುವೆ ದಾಟಿದಾಗ ಪೆಟ್ಟಿಗೆ ಮೂಕವಾಯಿತು. ಅದರೊಳಗೆ ಇದ್ದದ್ದು ಕಂಪನಿಯ ಬೀಗ ಹಾಕಿದ ತಂತ್ರಾಂಶ, ಗಾಳಿ ಅದನ್ನು ಮುಟ್ಟಲಿಲ್ಲ. ಒಂದು ಮೊಳ ದೂರ, ಎದೆಯಿಂದ ಕಿವಿಗೆ, ಅಷ್ಟೂ ಹೊರಲಿಲ್ಲ. ಹೊಸ ಮದುಮಗಳು ಬಸ್ಸಿನಿಂದ ಇಳಿದು, ತನ್ನನ್ನು ನೋಡಲು ನೆರೆದವರ ಆಡುವ ಬಾಯಿಗಳನ್ನು ನೋಡುತ್ತಾ, ಎಲ್ಲರಿಗೂ ತಲೆಯಾಡಿಸಿದಳು. ಮನೆ ತುಂಬಿಸಿಕೊಳ್ಳಲೆಂದು ಮದುವೆಗೆ ಹೋಗದೆ ಉಳಿದು, ಬಾಗಿಲಲ್ಲಿ ಆರತಿ ಹಿಡಿದು ನಿಂತ ನಾನು "ಬಲಗಾಲು ಮುಂದಿಟ್ಟು ಬಾಮ್ಮ" ಅಂತ ಕೂಗಿದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

ಅವತ್ತಿನಿಂದ ನಾನು ಕಂಡರೆ ಅವಳು ಗೋಡೆಗೆ ಅಂಟಿಕೊಳ್ಳುತ್ತಿದ್ದಳು. ನನಗೂ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದಷ್ಟೂ ದನಿ ಏರುತ್ತಿತ್ತು, ದನಿ ಏರಿದಷ್ಟೂ ಮುಖ ಸೊಟ್ಟಗಾಗುತ್ತಿತ್ತು, ಅವಳಿಗೆ ಕಾಣುತ್ತಿದ್ದದ್ದು ಆ ಮುಖ ಒಂದೇ. ಮರುಳ ಒಂದು ದಿನ ಹಿಟ್ಟು ನಾದುತ್ತಾ ತನ್ನಷ್ಟಕ್ಕೆ ಅಂದುಕೊಳ್ಳುವವನಂತೆ ಹೇಳಿದ. "ಬಸ್ಸಲ್ಲಿ ಬರ್ತಾ ಅವಳಿಗೆ ಒಂದು ಮಾತು ಹೇಳಿದ್ದೆ ಅಕ್ಕ. ಇನ್ನೂ ಸೇತುವೆ ಬಂದಿರ್ಲಿಲ್ಲ. ಹೂಂ ಅಂತ ತಲೆ ಆಡಿಸಿದ್ಳು. ಈಗ ನೋಡಿದ್ರೆ ಆ ಮಾತು ಕೇಳೇ ಇಲ್ದೋರ ಥರ ಇರ್ತಾಳೆ."

"ಏನೋ ಹೇಳಿದ್ದೆ?"

"ಏನೋ ಒಂದು. ಮತ್ತೆ ಹೇಳಕ್ಕೆ ನಾಚಿಕೆ ಆಗುತ್ತೆ" ಅಂದು ಅವನು ಒಲೆಯ ಕಡೆ ತಿರುಗಿದ.

ಸ್ವಲ್ಪ ದಿನದ ಮೇಲೆ ನೀಲಾಳೇ ಒಂದು ಚೀಟಿಯಲ್ಲಿ ಬರೆದು ನನ್ನ ಕೈಗಿಟ್ಟಳು. ಕಾರ್ತಿಕ ಮುಗಿಯುವ ತನಕ ನೋಡುತ್ತೇನೆ, ಪೆಟ್ಟಿಗೆ ಸರಿಹೋಗದಿದ್ದರೆ ಅಮ್ಮನ ಊರಿಗೆ ಹೊರಡುತ್ತೇನೆ, ಇಲ್ಲಿ ನಾನು ಗಾಜಿನ ಹಿಂದೆ ಇದ್ದಂತಿದೆ. ಮರುಳನನ್ನು ಕೇಳಿದೆ. ಅವಳು ಹೋದರೆ ನಾನೂ ಹೋಗುತ್ತೇನೆ ಅಂದ. ಅವನು ಹಾಗಂದದ್ದು ಸರಿಯೇ, ಗಂಡನಾದವನು ಇನ್ನೇನು ಅನ್ನಬೇಕು? ಆದರೂ ಅವತ್ತು ನನಗೆ ಊಟ ಸೇರಲಿಲ್ಲ. ಅವನ ಒಲೆ ಆರಿದ ಬೀದಿಯೇ ಕಣ್ಣಮುಂದೆ ಬರುತ್ತಿತ್ತು. ಮಾರನೆಯ ಬೆಳಗ್ಗೆ ನಾನು ನೀಲಾಳ ಕೈ ಹಿಡಿದು ಸೇತುವೆಯ ಕಡೆ ನಡೆದೆ.

ಪೆಟ್ಟಿಗೆ ಮಾತಾಡುವುದು ಸೇತುವೆಯ ಆಚೆ ಮಾತ್ರ. ಅದರ ಭಾಷೆ ಕಲಿಯಬೇಕೆಂದರೆ ಅಲ್ಲಿಗೇ ಹೋಗಿ ಕೂರಬೇಕು. ಆ ಕಡೆಯ ಹುಣಸೆಮರದ ನೆರಳಲ್ಲಿ ಚಾಪೆ ಹಾಸಿ, ಗಾಳಿಯಲ್ಲಿ ಹಾರುವುದನ್ನು ಹಿಡಿದು ತೋರಿಸುವ ನನ್ನ ಹಳೆಯ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡೆ. ಸೇತುವೆಯ ಕೊನೆಯ ಕಲ್ಲು ದಾಟಿದ್ದೇ ನೀಲಾ ನಿಂತುಬಿಟ್ಟಳು. ಹೊಳೆಯ ಸದ್ದು, ಸೈಕಲ್ ಗಂಟೆ, ಹುಣಸೆಮರದಲ್ಲಿ ಕಾಗೆ. ಎಲ್ಲ ಒಟ್ಟಿಗೆ ಬಂದು ಬಿದ್ದಿರಬೇಕು. ಅವಳ ಕಣ್ಣಲ್ಲಿ ನೀರು ಬಂತು.

"ಅಕ್ಕಾ, ನಿಮ್ಮ ದನಿ ಹೇಗಿದೆ ಕೇಳ್ಬೇಕು. ಏನಾದ್ರೂ ಮಾತಾಡಿ" ಅಂದಳು.

ಇದ್ದಕ್ಕಿದ್ದಂತೆ ಏನು ಮಾತಾಡುವುದು? "ಬಿಸಿಲಿದೆ, ತಲೆ ಮೇಲೆ ಸೆರಗು ಹೊದ್ಕೋ" ಅಂದೆ.

ಅವಳು ನಕ್ಕಳು. "ಅಯ್ಯೋ, ಇದು ಬೈಗುಳದ ದನಿ ಅಲ್ವೇ ಅಲ್ಲ!"

"ಬೈಯೋದು ಬೇರೆ ಇದೆ, ಇನ್ನೊಂದಿನ ಕೇಳಿಸ್ತೀನಿ" ಅಂದೆ. ಅವಳು ಇನ್ನಷ್ಟು ನಕ್ಕಳು.

ಹೀಗೆ ನಮ್ಮ ಸಂಸಾರ ಸೇತುವೆಯ ಆ ಕಡೆ ಶುರುವಾಯಿತು. ನಾನು ಚಪ್ಪಾಳೆ ತಟ್ಟುವುದು, ಅವಳು ಕೇಳಿಸಿತು ಅನ್ನುವುದು, ಆ ಕ್ಷಣ ಗಾಳಿಯಲ್ಲಿ ಏನು ಹಾರಿತು ಅಂತ ನಾನು ನೋಡುವುದು. ಚೊಂಬು ಬಡಿಯುವುದು, ಮತ್ತೆ ನೋಡುವುದು. ಮೊದಲು ಪೆಟ್ಟಿಗೆ "ನಾನಿದ್ದೇನೆ" ಅಂತ ಕೂಗುತ್ತದೆ. ಕಿವಿಯ ಗುಂಡಿಗಳು "ನಾವೂ ಇದ್ದೇವೆ" ಅನ್ನುತ್ತವೆ. ಗುರುತು ಹತ್ತಿದ ಮೇಲೆ ಸದ್ದನ್ನು ಸಣ್ಣಸಣ್ಣ ಪೊಟ್ಟಣ ಕಟ್ಟಿ ಎಸೆಯುತ್ತದೆ. ಎಸೆಯುವುದಾದರೂ ಒಂದೇ ಜಾಗದಿಂದ ಅಲ್ಲ. ಕುಂಟಾಬಿಲ್ಲೆ ಆಡುವ ಹುಡುಗಿಯ ಹಾಗೆ ಒಂದು ಚಾನೆಲ್‌ನಿಂದ ಇನ್ನೊಂದಕ್ಕೆ ಹಾರುತ್ತಾ ಎಸೆಯುತ್ತದೆ. ಯಾವ ಮನೆಯಾದ ಮೇಲೆ ಯಾವ ಮನೆಗೆ ಹಾರುತ್ತದೆ ಅಂತ ಪತ್ತೆಹಚ್ಚುವ ಹೊತ್ತಿಗೆ ಹುಣಸೆಮರ ಎಳೆಕಾಯಿ ಬಿಟ್ಟಿತ್ತು. ಕೆಲಸದ ನಡುವೆ ನಾವು ಬುತ್ತಿ ಬಿಚ್ಚುತ್ತಿದ್ದೆವು. ಅವಳು ತನ್ನ ಅಪ್ಪನ ಬಣ್ಣದ ಅಂಗಡಿಯ ಕಥೆ ಹೇಳುತ್ತಿದ್ದಳು, ನಾನು ಮರುಳ ಚಿಕ್ಕವನಿದ್ದಾಗ ಹಿಟ್ಟಿನ ಡಬ್ಬದಲ್ಲಿ ಮಲಗುತ್ತಿದ್ದದ್ದನ್ನು ಹೇಳುತ್ತಿದ್ದೆ. ಸಂಜೆ ಸೇತುವೆ ದಾಟಿ ಈಚೆ ಬರುವಾಗ ನಡುದಾರಿಯಲ್ಲಿ ನನ್ನ ಮಾತು ಅವಳಿಗೆ ನಿಂತುಹೋಗುತ್ತಿತ್ತು. ನಾನು ಆ ಕಲ್ಲಿನ ಹತ್ತಿರ ಬಂದಾಗ ಮಾತು ಮುಗಿಸುವುದನ್ನು ಅಭ್ಯಾಸ ಮಾಡಿಕೊಂಡೆ. ಆಮೇಲೆ ಇಬ್ಬರೂ ಕೈ ಹಿಡಿದು ಸುಮ್ಮನೆ ನಡೆಯುತ್ತಿದ್ದೆವು.

ಕೊನೆಗೆ ದುಭಾಷಿ ತಯಾರಾಯಿತು. ಎಲ್ಲ ಸಾಲೂ ನನ್ನದೇ, ಒಂದು ತುಂಡನ್ನು ಬಿಟ್ಟು. ಪೆಟ್ಟಿಗೆಯೊಳಗೆ ಕಂಪನಿಯವರು ಕಟ್ಟಿಟ್ಟ ಅಂಕಿಗಳ ಒಂದು ಗಂಟಿತ್ತು. ಚಿಪ್ಪು ಎಚ್ಚರಾದ ಕೂಡಲೇ ಆ ಗಂಟನ್ನು ಕೈಗೆ ಕೊಡಬೇಕು, ಇಲ್ಲದಿದ್ದರೆ ಅದು ಬಾಯಿ ಬಿಡುವುದಿಲ್ಲ. ಒಳಗೇನಿದೆ ಅಂತ ನನಗೆ ತಿಳಿಯಲಿಲ್ಲ. ಇದ್ದಂತೆಯೇ ಎತ್ತಿಕೊಡು ಅಂತ ಒಂದು ಸಾಲು ಬರೆದು, ಗಂಟಿನ ಅಂಕಿಗಳನ್ನೆಲ್ಲ ಓದುಕಟ್ಟೆಯ ಗೋಡೆಯ ಮೇಲೆ ತುಂಬಿದೆ. ಮುಚ್ಚಿಟ್ಟಿಲ್ಲವಲ್ಲ, ಎಲ್ಲರ ಕಣ್ಣೆದುರಿಗೇ ಇದೆಯಲ್ಲ ಅಂತ ನನ್ನ ಲೆಕ್ಕ. ಎರಡು ಸಂಜೆ ಬರೀ ಅಂಕಿ ಓದಿದೆ. ಮೇಷ್ಟ್ರು ಕನ್ನಡಕ ಒರೆಸಿಕೊಂಡು "ಕಂಡಿತು" ಅಂದರು. ಹೊಂಬಾಳಮ್ಮ "ಕಂಡಿತು ಕಣವ್ವ" ಅಂದಳು. ಎಲ್ಲರೂ ಕಂಡಿತು, ಕಂಡಿತು ಅಂದರು. ಮುಂದಿನ ಸಾಲಿನಲ್ಲಿ ನೀಲಾ ಕೂತಿದ್ದಳು. ಅವಳು ಗೋಡೆಯನ್ನು ನೋಡುತ್ತಿರಲಿಲ್ಲ, ಹಿಂದೆ ತಿರುಗಿ ಜನರನ್ನು ನೋಡುತ್ತಿದ್ದಳು.

ಹೊಸ ತಂತ್ರಾಂಶ ತುಂಬಿದ ಪೆಟ್ಟಿಗೆಯನ್ನು ಕಟ್ಟೆಯ ಮೇಲೇ ಅವಳ ಕೊರಳಿಗೆ ಹಾಕಿದೆ. ಊರೆಲ್ಲ ಸುತ್ತ ನೆರೆದಿತ್ತು. "ಕೇಳಿಸ್ತಾ?" ಅಂದೆ. ಅವಳು ನನ್ನ ಮುಖ ನೋಡಿ, ಸುತ್ತಲಿನ ಮುಖಗಳನ್ನು ನೋಡಿ, ನಕ್ಕು ತಲೆಯಾಡಿಸಿದಳು. ಹೋ ಅಂತ ಎಲ್ಲರೂ ಕೂಗಿದರು. ಮರುಳ ಬುಟ್ಟಿ ತುಂಬ ಬೆಣ್ಣೆ ಬಿಸ್ಕತ್ತು ತಂದು ಹಂಚಿದ. ಹೊಂಬಾಳಮ್ಮ "ನನ್ನ ಹೆಸರೇನು ಹೇಳು ನೋಡಾನ" ಅಂದಳು, ನೀಲಾ ಅದಕ್ಕೂ ತಲೆಯಾಡಿಸಿದಳು. ಬಿಸ್ಕತ್ತು ಕೈಯಲ್ಲಿ ಹಿಡಿದು ನಾನು ಬೀದಿಯ ಕಡೆ ನೋಡಿದೆ. ಮೇಷ್ಟ್ರ ಮನೆಯ ಮುಂದಿನ ಪಂಚೆ, ಎದುರು ಮನೆಯ ಲಂಗ, ನಮ್ಮ ಮನೆಯ ಹಳೇ ಸೀರೆಯ ತುಂಡು, ಎಲ್ಲ ಗೋಡೆಗೆ ಬರೆದ ಚಿತ್ರದ ಹಾಗೆ ಅಲ್ಲಾಡದೆ ತೂಗುತ್ತಿದ್ದವು.

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಮರುದಿನ ಸೇತುವೆ ದಾಟುವ ತನಕ ತಡೆದುಕೊಂಡೆ. ಆಚೆ ಹೋದ ಮೇಲೆ ಪೆಟ್ಟಿಗೆಯನ್ನು ಒಮ್ಮೆ ನೋಡಿದೆ. ಅಲ್ಲಿ ನನ್ನ ದುಭಾಷಿ ಚೆನ್ನಾಗಿಯೇ ಮಾತಾಡುತ್ತಿತ್ತು. ಅಂದರೆ ಕೆಟ್ಟದ್ದು ನನ್ನ ಬರಹವಲ್ಲ, ಗಾಳಿಯೇ ಒಪ್ಪಿಲ್ಲ.

"ಕೇಳಿಸದೆ ಇದ್ರೂ ಕೇಳಿಸ್ತು ಅಂದ್ಯಲ್ಲೇ? ಊರ ಮುಂದೆ ನನ್ನ ಮರ್ಯಾದೆ ಏನಾಯ್ತು?"

ನೀಲಾ ಈ ಸಲ ಗೋಡೆಗೆ ಅಂಟಿಕೊಳ್ಳಲಿಲ್ಲ. ಚಾಪೆಯ ಮೇಲೆ ಕೂತು ನಿಧಾನವಾಗಿ ಹೇಳಿದಳು. "ಎಲ್ಲರೂ ಅಷ್ಟು ಆಸೆಯಿಂದ ನೋಡ್ತಿದ್ರು ಅಕ್ಕ. ಇಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ಲ. ನಂಗೆ ಮೊದಲಿಂದ ಇದೇ ಅಭ್ಯಾಸ. ಸ್ಕೂಲಲ್ಲಿ ಅರ್ಥ ಆಯ್ತಾ ಅಂದ್ರೆ ತಲೆ ಆಡಿಸ್ತಿದ್ದೆ. ಮದುವೆ ಮಂಟಪದಲ್ಲಿ ಶಾಸ್ತ್ರಿಗಳು ಕೇಳಿದ್ದಕ್ಕೂ ತಲೆ ಆಡಿಸಿದೆ. ಮತ್ತೆ ಮತ್ತೆ ಏನು, ಏನು ಅಂದ್ರೆ ಜನಕ್ಕೆ ಬೇಜಾರಾಗುತ್ತೆ." ಹೊಳೆಯ ಆಚೆ ಊರಿನ ಕಡೆ ಕೈ ತೋರಿದಳು. "ಆದ್ರೆ ಅಕ್ಕ, ನಿಮ್ಮೂರೋರೂ ಅದನ್ನೇ ಮಾಡಿದ್ರು."

"ಏನು ಮಾಡಿದ್ರು?"

"ನೀವು ಆ ಅಂಕಿಗಳನ್ನ ಓದುವಾಗ ಯಾರಿಗೂ ಏನೂ ಕಾಣ್ಲಿಲ್ಲ. ನಂಗೆ ಕೇಳಿಸಲ್ಲ, ಅದಕ್ಕೆ ಮುಖ ನೋಡ್ತೀನಿ. ಬಾಯಿ ಕಂಡಿತು ಅಂತಿತ್ತು, ಕಣ್ಣು ಬೇಕರಿ ಕಡೆಗಿತ್ತು. ಮೇಷ್ಟ್ರಿಗೆ ನಿದ್ದೆ. ನಿಮಗೂ ಕಂಡಿರ್ಲಿಲ್ಲ, ಅಲ್ವಾ?"

ನಾನು ಚಾಪೆಯ ತುದಿಯಲ್ಲಿ ಕೂತೆ. ಗೋಡೆ ತುಂಬ ಬರೆದ ಮಾತ್ರಕ್ಕೆ ಬಿಚ್ಚಿದ ಹಾಗಾಗುತ್ತದೆ ಅಂತ ನಾವೆಲ್ಲ ಯಾವಾಗಿನಿಂದ ನಂಬಿಕೊಂಡೆವೋ ತಿಳಿಯದು. ಗಾಳಿ ಮಾತ್ರ ನಂಬಿರಲಿಲ್ಲ. ಜನರು ಮರ್ಯಾದೆಗೆ ಅಂದದ್ದನ್ನು ಅದು ಲೆಕ್ಕಕ್ಕೇ ಹಿಡಿದಿರಲಿಲ್ಲ.

"ಆ ಗಂಟಲ್ಲಿ ಏನಿದೆ ಅಂತ ಯಾರಿಗೆ ಗೊತ್ತು ಮಾರಾಯ್ತಿ" ಅಂದೆ. ದನಿ ತಾನಾಗಿಯೇ ಇಳಿದಿತ್ತು.

"ನಂಗೆ ಗೊತ್ತಿರ್ಬಹುದು" ಅಂದಳು ನೀಲಾ. "ಪೆಟ್ಟಿಗೆ ಕೊಳ್ಳುವಾಗ ಒಬ್ರು ನನ್ನ ಒಂದು ಸಣ್ಣ ಕೋಣೇಲಿ ಕೂರಿಸಿ, ಒಂದೊಂದೇ ಸದ್ದು ಬಿಟ್ಟು, ಕೇಳಿಸಿದ್ರೆ ಗುಂಡಿ ಒತ್ತು ಅಂದಿದ್ರು. ಯಾವ ಸದ್ದು ಎಷ್ಟು ಕೇಳುತ್ತೆ, ಎಷ್ಟು ಕೇಳಲ್ಲ ಅಂತ ಬರ್ಕೊಂಡು ಪೆಟ್ಟಿಗೆ ಒಳಗೆ ತುಂಬಿಸಿದ್ರು. ಅದು ನನ್ನ ಕಿವಿ ಅಕ್ಕ. ಆ ಗಂಟಲ್ಲಿರೋದು ನನ್ನ ಕಿವಿ."

ದಾರಿ ಸಿಕ್ಕಿತು. ಒಳಗೇನಿದೆ ಅಂತ ಗೊತ್ತಿದ್ದರೆ ಗಂಟನ್ನು ಬಿಚ್ಚುವುದು ಕಷ್ಟವಲ್ಲ. ಹುಣಸೆಮರದ ಕೆಳಗೆ ಅವಳ ಕಿವಿಯನ್ನು ನಾನೇ ಮತ್ತೆ ಅಳೆದೆ. ಕಂಪ್ಯೂಟರಿನಿಂದ ತೆಳುವಾದ ಸದ್ದು, ದಪ್ಪ ಸದ್ದು, ಸೊಳ್ಳೆಯಂಥದ್ದು, ಗುಡುಗಿನಂಥದ್ದು ಒಂದೊಂದಾಗಿ ಬಿಟ್ಟು, ಅವಳು ಕೈಯೆತ್ತಿದ್ದನ್ನು ಬರೆದು, ಗಂಟಿನ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದೆ. ಮೊದಲ ಅಂಕಿ ಹೊಂದಿದ ಮೇಲೆ ಉಳಿದವು ಒಂದನ್ನೊಂದು ಎಳೆದುಕೊಂಡು ಬಂದವು. ಒಂದು ಜಾಗದಲ್ಲಿ ಮಾತ್ರ ನನ್ನ ಅಳತೆ ಗಂಟಿನ ಅಳತೆಗೆ ಹೊಂದಲಿಲ್ಲ. ತಗ್ಗಿದ, ಎದೆಯೊಳಗಿನ ದನಿಗಳ ಜಾಗ. ಕಂಪನಿಯ ಲೆಕ್ಕದಲ್ಲಿ ಅದು ಅವಳಿಗೆ ಕೇಳುತ್ತದೆ, ನನ್ನ ಲೆಕ್ಕದಲ್ಲಿ ಕೇಳುವುದಿಲ್ಲ.

"ಇಲ್ಲಿ ಗುಂಡಿ ಒತ್ತಿದ್ಯಾ?" ಅಂತ ಕೇಳಿದೆ.

"ಒತ್ತಿದ್ದೆ. ಅವರು ತುಂಬ ಹೊತ್ತು ಕಾಯ್ತಿದ್ರು. ಪಾಪ ಅನ್ನಿಸ್ತು."

ಮರುಳನ ದನಿ ಎಲ್ಲಿ ಬೀಳುತ್ತದೆ ಅಂತ ನನಗೆ ನೋಡುವುದೇ ಬೇಕಿರಲಿಲ್ಲ. ಸರಿಯಾಗಿ ಆ ಹಳ್ಳದಲ್ಲಿ. ಇಷ್ಟು ದಿನ, ಸೇತುವೆಯ ಆಚೆ ಕೂಡ, ನಿಶ್ಚಿತಾರ್ಥದಲ್ಲಿ, ಮದುವೆಯಲ್ಲಿ, ಬಸ್ಸಿನಲ್ಲಿ, ಅವಳು ಗಂಡನ ಒಂದು ಮಾತನ್ನೂ ಪೂರ್ತಿ ಕೇಳಿರಲಿಲ್ಲ. ನಾನು ಅವಳನ್ನು ನೋಡಿದೆ. ಅವಳು ತಲೆ ತಗ್ಗಿಸಿದಳು.

ಆ ಜಾಗದಲ್ಲಿ ದನಿಯನ್ನು ಎತ್ತಿಕೊಡು ಅಂತ ಒಂದು ಸಾಲು ಸೇರಿಸುವುದು ನನಗೆ ಚಿಟಿಕೆ ಹೊಡೆದಷ್ಟು ಸುಲಭ. ಬಿಚ್ಚಿದ ಗಂಟಿನ ಸುಖವೇ ಅದು, ಯಾರು ಬೇಕಾದರೂ ತಿದ್ದಬಹುದು. ಆದರೆ ಅದಕ್ಕೆ ಮೊದಲು ಆ ಅಂಕಿಗಳೆಲ್ಲ ಏನು ಅಂತ ಕಟ್ಟೆಯ ಮೇಲೆ ಹೇಳಬೇಕು. ನೀಲಾಳಿಗೆ ಏನೇನು ಕೇಳುವುದಿಲ್ಲ ಅನ್ನುವುದನ್ನು ಊರೇ ತಿಳಿಯಬೇಕು, ಅವಳ ಗಂಡನೂ ತಿಳಿಯಬೇಕು. ಅವಳ ಅಮ್ಮ ಸಂಬಂಧ ಕುದುರಿಸುವಾಗಲೂ ಸ್ವಲ್ಪ ಮಂದ ಅಂತ ಮಾತ್ರ ಹೇಳಿದ್ದಳಂತೆ. ಇದನ್ನು ಅವಳಿಗೆ ಹೇಳುವಾಗ ನನಗೆ ನಮ್ಮ ಗಾಳಿಯ ಮೇಲೆ ಮೊದಲ ಸಲ ಸಿಟ್ಟು ಬಂತು. ಒಬ್ಬ ಹೆಣ್ಣುಮಗಳ ಕಿವಿಯಲ್ಲಿ ಏನಿದೆ ಅಂತ ತಿಳಿಯುವ ಹಕ್ಕು ಇದಕ್ಕೆ ಕೊಟ್ಟವರು ಯಾರು?

"ನಿನಗೆ ಬೇಡ ಅನ್ಸಿದ್ರೆ ಬೇಡ ಕಣಮ್ಮ" ಅಂದೆ. "ನಾನೇ ಮರುಳನಿಗೆ ಹೇಳ್ತೀನಿ, ಇಬ್ಬರೂ ಹೊರಡಿ. ನಿಮ್ಮಮ್ಮನ ಊರಲ್ಲೂ ಜನ ಬನ್ನು ತಿಂತಾರೆ." ಹೇಳಿ ಚಾಪೆ ಸುತ್ತತೊಡಗಿದೆ.

ಅವಳ ಉತ್ತರ ಏನೇ ಆಗಲಿ ಅಂತ ನಾನು ಆ ಸಾಲನ್ನು ಸೇರಿಸಿ, ಹೊಸ ದುಭಾಷಿಯನ್ನು ಪೆಟ್ಟಿಗೆಗೆ ತುಂಬಿಟ್ಟೆ. ಅವಳು ಆ ವಾರವೆಲ್ಲ ಅದನ್ನು ಕೊರಳಿಗೆ ಹಾಕಿಕೊಂಡೇ ಯೋಚಿಸಿದಳು. ಕಾರ್ತಿಕದ ಕೊನೆಯ ಸೋಮವಾರ ಸಂಜೆ, ದೀಪಕ್ಕೆ ಇನ್ನೂ ಹೊತ್ತಿರುವಾಗ, ನಾನು ಜಗಲಿ ಗುಡಿಸುತ್ತಿದ್ದೆ. ನೀಲಾ ಒಳಗಿನಿಂದ ಬಂದು ನನ್ನ ಸೀಮೆಸುಣ್ಣದ ಡಬ್ಬಿ ಎತ್ತಿಕೊಂಡು ಕಟ್ಟೆಯ ಕಡೆ ನಡೆದಳು. ನಾನು ಪೊರಕೆ ಹಿಡಿದುಕೊಂಡೇ ಹಿಂದೆ ಓಡಿದೆ.

ಅವಳು ಗೋಡೆಯ ಮೇಲೆ ಒಂದು ಅಂಕಿ ಬರೆದು, ಅದರ ಎದುರಿಗೆ ಕನ್ನಡದಲ್ಲಿ ಬರೆದು, ಗಟ್ಟಿಯಾಗಿ ಓದಿದಳು. ತನ್ನ ದನಿ ತನಗೇ ಕೇಳದವರ ಓದು, ಒಮ್ಮೆ ಏರುತ್ತಿತ್ತು, ಒಮ್ಮೆ ಇಳಿಯುತ್ತಿತ್ತು. "ಇದು ಕುಕ್ಕರಿನ ಸೀಟಿ. ಪೆಟ್ಟಿಗೆ ಇಲ್ಲದೆ ನಂಗೆ ಕೇಳಲ್ಲ." ಓದಿ ತಿರುಗಿ ಮುಖಗಳನ್ನು ನೋಡಿದಳು. ರೂಢಿಯ ಮೇಲೆ ಮೇಷ್ಟ್ರು ಕನ್ನಡಕಕ್ಕೆ ಕೈಹಾಕಿ "ಕಂ..." ಅಂದರು. ನೀಲಾ ಅವರ ಕಣ್ಣನ್ನೇ ನೋಡಿದಳು. ಮೇಷ್ಟ್ರು ಕೈ ಇಳಿಸಿದರು. "ಕಾಣ್ಲಿಲ್ಲಮ್ಮ" ಅಂತ ಕೈಯಾಡಿಸಿ ತೋರಿಸಿದರು. "ಸ್ವಲ್ಪನೂ ಕೇಳಲ್ವೋ, ದೂರದಲ್ಲಿದ್ದ ಹಾಗೆ ಕೇಳುತ್ತೋ?" ನೀಲಾ ಅವರ ತುಟಿ ನೋಡಿ, ಯೋಚಿಸಿ, ದೂರದಲ್ಲಿದ್ದ ಹಾಗೆ ಅಂತ ತಿದ್ದಿ ಬರೆದಳು. "ಈಗ ಕಂಡಿತು" ಅಂದರು ಮೇಷ್ಟ್ರು.

ನಮ್ಮ ಓದುಕಟ್ಟೆಯಲ್ಲಿ ಅಂಥ ಸಂಜೆಯನ್ನು ನಾನು ನೋಡಿರಲಿಲ್ಲ. ಒಂದೊಂದು ಅಂಕಿಗೂ ಕಾಣಲಿಲ್ಲ, ಕಾಣಲಿಲ್ಲ ಅಂತ ಕೇಳಿದರು. ಹಕ್ಕಿ ಕೂಗು ಹೇಗೆ, ಕೂಸು ಅತ್ತರೆ ಹೇಗೆ, ಬಾಗಿಲು ಬಡಿದರೆ ಹೇಗೆ ಅಂತ ಕೇಳಿದರು. ಒಬ್ಬರು ಕಿವಿ ಮುಚ್ಚಿಕೊಂಡು ನೋಡಿದರು, ಇನ್ನೊಬ್ಬರು ಕೊಡದೊಳಗೆ ತಲೆ ಇಟ್ಟು ನೋಡಿದರು. ಯಾರೂ ಅಯ್ಯೋ ಪಾಪ ಅನ್ನಲಿಲ್ಲ. ಅವರಿಗೆ ತಿಳಿಯಬೇಕಾಗಿತ್ತು, ಅಷ್ಟೇ. ನೀಲಾಳ ಭುಜ ಮೊದಲು ಬಿಗಿದುಕೊಂಡಿತ್ತು, ಬರಬರುತ್ತಾ ಸಡಿಲವಾಯಿತು. ಕೊನೆಕೊನೆಗೆ ನಗುತ್ತಾ ಓದುತ್ತಿದ್ದಳು.

ಉಳಿದದ್ದು ಒಂದೇ ಸಾಲು. ಅದನ್ನು ಬರೆದು ಅವಳು ತಿರುಗಲಿಲ್ಲ. ಗೋಡೆಗೆ ಮುಖ ಮಾಡಿಯೇ ಓದಿದಳು.

"ಇದು ಗಂಡಸರ ತಗ್ಗಿದ ದನಿ. ಪೆಟ್ಟಿಗೆ ಇದ್ರೂ ನಂಗೆ ಕೇಳಲ್ಲ. ಪಕ್ಕದಲ್ಲೇ ಕೂತು ಮಾತಾಡಿದ್ರೂ ಕೇಳಲ್ಲ. ಕೇಳಿಸಿದ ಹಾಗೆ ತಲೆ ಆಡಿಸ್ತೀನಿ." ಅದರ ಕೆಳಗೆ ನಾನು ಸೇರಿಸಿದ ಸಾಲನ್ನೂ ಬರೆದಳು. "ಈ ದನಿಯನ್ನು ಎತ್ತಿಕೊಡು."

ಕಟ್ಟೆಯ ಪಕ್ಕದ ಬೇಕರಿಯ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲಿ ನಿಂತಿದ್ದ ಮರುಳನನ್ನು ನಾನು ನೋಡಿದೆ. ಅವನ ಮುಖದಲ್ಲಿ ಒಂದೊಂದಾಗಿ ಎಲ್ಲವೂ ಹಾದುಹೋಗುತ್ತಿತ್ತು: ನಿಶ್ಚಿತಾರ್ಥ, ಮಂಟಪ, ಬಸ್ಸು. "ಕಂಡಿತು" ಅಂದ, ಅವನದೇ ದನಿಯಲ್ಲಿ, ಹತ್ತಿರ ನಿಂತ ನನಗೂ ಕಷ್ಟಪಟ್ಟು ಕೇಳುವಷ್ಟು. "ಕಂಡಿತು" ಅಂದರು ಮೇಷ್ಟ್ರು. ನಾನೂ ಅಂದೆ.

ಮೊದಲು ಅಲ್ಲಾಡಿದ್ದು ಮೇಷ್ಟ್ರ ಪಂಚೆ. ಆಮೇಲೆ ಎದುರು ಮನೆಯ ಲಂಗ, ನಮ್ಮ ಹಳೇ ಸೀರೆಯ ತುಂಡು. ಸಂಜೆಯ ಬಿಸಿಲಲ್ಲಿ ಬೀದಿಯುದ್ದಕ್ಕೂ ಬಟ್ಟೆಗಳು ನಿಧಾನವಾಗಿ ಉಬ್ಬಿದವು, ಇಳಿಯಲಿಲ್ಲ, ಮತ್ತೆ ಮತ್ತೆ ಉಬ್ಬುತ್ತಲೇ ಇದ್ದವು. ಅಷ್ಟು ಸಣ್ಣ ಪೆಟ್ಟಿಗೆ ಊರಿನ ಸದ್ದನ್ನೆಲ್ಲ ಹಿಡಿದು ಕಳಿಸುತ್ತಿತ್ತು.

ಇದ್ಯಾವುದನ್ನೂ ಗಮನಿಸದೆ ಹೊಂಬಾಳಮ್ಮ ಹಿಂದಿನಿಂದ ಕೂಗಿದಳು. "ನಂಗೆ ಕಾಣ್ಲಿಲ್ಲ ಕಣವ್ವ. ಯಾವ ದನಿ ಅಂದೆ?"

"ತಗ್ಗಿದ ದನಿ ಅಜ್ಜಿ" ಅಂದಳು ನೀಲಾ, ಗೋಡೆಗೆ ಮುಖ ಮಾಡಿಕೊಂಡೇ. ಅಂದವಳು ಹಾಗೇ ನಿಂತಳು. ಸೀಮೆಸುಣ್ಣ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು, ಆ ಸದ್ದಿಗೆ ಬೆಚ್ಚಿ ಅವಳು ಕೆಳಗೆ ನೋಡಿದಳು.

ಯಾರೂ ಹೋ ಅನ್ನಲಿಲ್ಲ. ಅವಳಿಗೆ ಜೋರಾದೀತು ಅಂತ ಎಲ್ಲರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದರು. ಅವಳು ತಿರುಗಿ ಜನರ ನಡುವೆ ಮರುಳನನ್ನು ಹುಡುಕಿದಳು.

"ರೀ, ಅವತ್ತು ಬಸ್ಸಲ್ಲಿ ಏನೋ ಹೇಳಿದ್ರಲ್ಲ. ನಾನು ತಲೆ ಆಡಿಸಿದೆ. ನಂಗೆ ಕೇಳಿಸಿರ್ಲಿಲ್ಲ."

ಮರುಳ ನನ್ನನ್ನು ನೋಡಿದ, ನೆಲ ನೋಡಿದ. ಊರ ಮುಂದೆ ಹೇಳುವಂಥದ್ದಲ್ಲ ಅನ್ನುವ ಹಾಗೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಆಮೇಲೆ ತುಟಿಯಲ್ಲೇ ಏನೋ ಅಂದ.

ಮೊದಲಾಗಿದ್ದರೆ ನೀಲಾ ತಲೆಯಾಡಿಸುತ್ತಿದ್ದಳು. ಈಗ ಸೊಂಟಕ್ಕೆ ಕೈಕೊಟ್ಟು ನಿಂತಳು. "ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ."

ನಿಜವಾಗಿ ಕೇಳಿಸಲಿಲ್ಲವೋ, ಮತ್ತೊಮ್ಮೆ ಕೇಳುವ ಆಸೆಯೋ, ನಾನರಿಯೆ. ಮರುಳ ಉಸಿರೆಳೆದುಕೊಂಡು, ಹುಟ್ಟಿದಾರಭ್ಯ ಆಡದ ದನಿಯಲ್ಲಿ, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದ. "ನಮ್ಮಕ್ಕನ ಬಾಯಿ ಜೋರು, ಹೆದರ್ಕೋಬೇಡ ಅಂದೆ. ನನ್ನ ಸಾಕೋದಕ್ಕೆ ಅವಳು ಮದುವೇನೂ ಆಗ್ದೆ ಒಬ್ಳೇ ಉಳಿದ್ಳು. ನಮ್ಮ ಜೊತೇಲೇ ಇಟ್ಕೊಳ್ಳೋಣ, ಯಾವತ್ತೂ ಬಿಟ್ಟು ಹೋಗೋದು ಬೇಡ, ಆಗ್ಬಹುದಾ ಅಂತ ಕೇಳಿದ್ದೆ."

ನೀಲಾ ನನ್ನ ಕಡೆ ತಿರುಗಿದಳು. ಊರೆಲ್ಲ ನನ್ನ ಕಡೆ ತಿರುಗಿತು. ನನ್ನ ಕೈಯಲ್ಲಿ ಇನ್ನೂ ಪೊರಕೆಯಿತ್ತು. ಏನಾದರೂ ಬೈಯೋಣವೆಂದರೆ ನನ್ನ ಅಷ್ಟು ದೊಡ್ಡ ದನಿ ಎಲ್ಲಿ ಹೋಗಿತ್ತೋ, ತಗ್ಗಿ, ಎದೆಯೊಳಗಿಂದ, ಅವನದೇ ದನಿಯ ಹಾಗೆ ಹೊರಗೆ ಬಂತು.

"ಕಾಣ್ಲಿಲ್ಲ ಕಣೋ" ಅಂದೆ. "ಇನ್ನೊಂದ್ಸಲ ಹೇಳು."